ತಂತ್ರಾಂಶಿಗನ ನಾಲ್ಕನೆಯ ಋಣ: ಒಂದು ಶಾಸ್ತ್ರೀಯ ವಿಚಾರ

ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಸಾಲಗಳನ್ನು ಹೊತ್ತು ಬರುತ್ತಾನೆಂದು ಧರ್ಮಶಾಸ್ತ್ರಕಾರರು ನಿರ್ಣಯಿಸಿದ್ದಾರೆ. ವೈಟ್‌ಫೀಲ್ಡ್, ಬೆಳ್ಳಂದೂರು, ಎಲೆಕ್ಟ್ರಾನಿಕ್ ಸಿಟಿ ಎಂಬ ಕ್ಷೇತ್ರತ್ರಯದಲ್ಲಿ ಅನ್ನ ಹುಡುಕುವ ತಂತ್ರಾಂಶಿಗನಿಗೆ ಇವುಗಳ ಮೇಲೆ ಗೃಹಸಾಲವೂ ಉಂಟು. ಅದನ್ನು ಮರೆಯಲು ಬ್ಯಾಂಕಿನವರು ಬಿಡುವುದಿಲ್ಲವಾದ್ದರಿಂದ ಇಲ್ಲಿ ವಿಚಾರಿಸುವುದಿಲ್ಲ. ಯಾರೂ ಕೇಳದ, ಕಂತಿಲ್ಲದ, ಬಡ್ಡಿಯಿಲ್ಲದ ಕೋಡ್‌ಋಣವೇ ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ಲಕ್ಷಣ. ಪರರು ಬರೆದ ಕೋಡನ್ನು ಪರರಿಗಾಗಿ ಜೋಡಿಸಿ, ಜೋಡಿಸಿದ್ದಕ್ಕೆ ಸಂಬಳ ಪಡೆದು, ಸಂಬಳ ಸಾಲದೆಂದು ರೆಸ್ಯೂಮೆ ತಿದ್ದುವ ಜೀವಿಯೇ ತಂತ್ರಾಂಶಿಗ. ಅವನಿಗೂ ಆಶ್ರಮಗಳು ನಾಲ್ಕು: ಫ್ರೆಶರ್, ಬೆಂಚ್, ಆನ್‌ಸೈಟ್, ಮ್ಯಾನೇಜರ್. ಕಡೆಯದರಲ್ಲಿ ಕೋಡ್ ಸಂಪೂರ್ಣ ವರ್ಜ್ಯವಾದ್ದರಿಂದ ಅದು ಸಂನ್ಯಾಸಕ್ಕೆ ಸಮಾನವೆಂದು ಕೆಲವರ ಮತ. ನಮಗದು ಒಪ್ಪಿಗೆಯಿಲ್ಲ. ಸಂನ್ಯಾಸಿಗೆ ಅಪ್ರೈಸಲ್ ಇಲ್ಲ.

ಋಣವುಂಟೆನ್ನಲು ಪ್ರಮಾಣವೇನು? 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ ಲಿನಕ್ಸ್ ಮೇಲೆ ನಮ್ಮವನ ಸರ್ವರುಗಳು ನಿಂತಿವೆ. ಜಗತ್ತಿನ ಅಸಂಖ್ಯ ಜಾಲತಾಣಗಳಿಗೆ ಬೀಗವಾಗಿದ್ದ ಓಪನ್‌ಎಸ್‌ಎಸ್‌ಎಲ್‌ಗೆ, 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾಗುವವರೆಗೆ, ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಅಷ್ಟರಲ್ಲಿ ಒಂದು ಟೀಮ್ ಔಟಿಂಗ್ ಕೂಡ ಸಾಗದು. 2016ರ ಮಾರ್ಚ್‌ನಲ್ಲಿ ಒಬ್ಬಾತ ಮುನಿಸಿಕೊಂಡು ತಾನು ಬರೆದ 11 ಸಾಲುಗಳನ್ನು ಹಿಂತೆಗೆದುಕೊಂಡ. ದೊಡ್ಡ ದೊಡ್ಡವರ ಬಿಲ್ಡ್‌ಗಳು ಮುರಿದುಬಿದ್ದವು. ಲೆಫ್ಟ್-ಪ್ಯಾಡ್ ಎಂಬ ಆ ಕೃತಿಯ ಕೆಲಸವಾದರೂ ಏನು? ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದು. ಬಯಲಿನ ಮಹಿಮೆಯನ್ನು ಅಲ್ಲಮನ ನಾಡಿನವರಿಗೆ ವಿವರಿಸಬೇಕಿಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. "ನಾವು ಆಗಲೇ ತೀರಿಸಿದ್ದೇವಲ್ಲ! 2013ರ ಕಂಪನಿ ಕಾಯಿದೆಯಂತೆ ಲಾಭದ ಶೇ. 2ನ್ನು ಸಮಾಜಕ್ಕೆ ಕೊಡುತ್ತೇವೆ. ಶನಿವಾರ ಕೆರೆದಂಡೆಯಲ್ಲಿ ಸಸಿಯನ್ನೂ ನೆಟ್ಟೆವು." ಉತ್ತರ: ಕಾಯಿದೆ ಕಸಿದದ್ದು ದಾನವಲ್ಲ. ಇನ್ನು ಸಸಿಯ ಮಾತು. ಎಂಟು ಜನ ಒಂದೇ ಸಸಿಯನ್ನು ಮುಟ್ಟಿ ನಿಂತ ಫೋಟೊದಲ್ಲಿ ಕ್ಯಾಮೆರಾ ನೋಡದಿದ್ದುದು ಸಸಿಯೊಂದೇ.

ಪ್ರತಿಫಲಾಪೇಕ್ಷೆಯ ದಾನಕ್ಕೆ ಶಾಸ್ತ್ರದಲ್ಲಿ ರಾಜಸದಾನವೆಂದು ಹೆಸರು. ಇದಕ್ಕೆ ಉತ್ತಮ ಉದಾಹರಣೆ 2020ರ ಹ್ಯಾಕ್ಟೋಬರ್‌ಫೆಸ್ಟ್. ಮುಕ್ತ ತಂತ್ರಾಂಶಗಳಿಗೆ ಅಕ್ಟೋಬರ್‌ನಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀಶರ್ಟ್ ಎಂದು ಸಾರಿದ್ದೇ ತಡ, ಕಡತಗಳಿಗೆ "ಅದ್ಭುತ ಯೋಜನೆ" ಎಂಬಂಥ ಮಾತು ಸೇರಿಸಿದ ತಿದ್ದುಪಡಿಗಳ ಪ್ರವಾಹ ಹರಿಯಿತು. ಬಿಟ್ಟಿ ದುಡಿಯುತ್ತಿದ್ದವರು ಕಸ ಗುಡಿಸುತ್ತ ಕೂತರು. ಕಡೆಗೆ, ಒಪ್ಪಿ ಬಂದ ಯೋಜನೆಗಳಿಗಷ್ಟೇ ಕೊಡುಗೆ ಎಂದು ಅದೇ ತಿಂಗಳಲ್ಲಿ ನಿಯಮ ಬದಲಾಯಿತು. ಕೊಡುವವನಿಂದ ಪಡೆಯುವವನು ರಕ್ಷಣೆ ಕೋರಿದ ಪ್ರಸಂಗ ದಾನದ ಇತಿಹಾಸದಲ್ಲಿ ವಿರಳ.

ಸಾತ್ತ್ವಿಕಕ್ಕೆ ನಿದರ್ಶನ ದೂರವಿಲ್ಲ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಯ ಗುಮಾಸ್ತನಿಂದ ಲಗ್ನಪತ್ರಿಕೆ ಮುದ್ರಿಸುವವನವರೆಗೆ ಎಲ್ಲರ ಬೆರಳಿಗೂ ಹತ್ತಿದೆ. ಒತ್ತಿಗೊಂದು ಪೈಸೆ ಕೇಳಿದ್ದರೂ ಇಷ್ಟು ಹೊತ್ತಿಗೆ ಟೆಕ್‌ಪಾರ್ಕೊಂದನ್ನು ಕೊಳ್ಳಬಹುದಿತ್ತು, ಅವರು ಕೇಳಲಿಲ್ಲ. ನಮ್ಮ ತಂತ್ರಾಂಶಿಗನಾದರೋ ನವೆಂಬರ್ 1ರಂದು ಹಳದಿ-ಕೆಂಪು ಶಾಲು ಹೊದ್ದು, ರಾಜ್ಯೋತ್ಸವದ ಶುಭಾಶಯವನ್ನು ಇಂಗ್ಲಿಷ್ ಲಿಪಿಯಲ್ಲಿ ಕಳಿಸುತ್ತಾನೆ.

ಆದ್ದರಿಂದ ಸಿದ್ಧಾಂತ. ಋಣ ತೀರಿಸಲು ಇನ್ನೊಂದು ಲಿನಕ್ಸ್ ಬರೆಯಬೇಕಿಲ್ಲ. ಕೈಪಿಡಿಯಲ್ಲಿ ಬಿಟ್ಟುಹೋದ ಹೆಜ್ಜೆ, ಫೈರ್‌ಫಾಕ್ಸ್ ಮೆನುವಿನಲ್ಲಿ ಅನುವಾದವಾಗದೆ ಉಳಿದ ಸಾಲು, ಒತ್ತಕ್ಷರ ಒಡೆಯುವ ಫಾಂಟಿನ ಬಗ್ಗೆ ಸರಿಯಾದೊಂದು ಬಗ್ ವರದಿ, ಇವೆಲ್ಲವೂ ಕಂತಿನಲ್ಲಿ ಜಮೆಯಾಗುತ್ತವೆ. ನೋಟಿಸ್ ಪಿರಿಯಡ್ಡಿನ ಮೂರು ತಿಂಗಳು ಇದಕ್ಕೆ ಪ್ರಶಸ್ತ ಕಾಲ.

ಈ ಪ್ರಬಂಧದಲ್ಲಿ ದೋಷ ಕಂಡವರು ದಯವಿಟ್ಟು ಬರೆದು ತಿಳಿಸಿ. ಬರಿಯ ಆಕ್ಷೇಪಣೆಯನ್ನು ಸ್ವೀಕರಿಸುವುದಿಲ್ಲ, ತಿದ್ದುಪಡಿಯೂ ಜೊತೆಗಿರಲಿ. ಟೀಶರ್ಟ್ ಕೊಡಲಾಗುವುದಿಲ್ಲ.