ಶನಿವಾರದ ಋಷಿಗಳು

ಶನಿವಾರ ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆ ಹಿಡಿಯುವ ಕಾರುಗಳೆಲ್ಲ ವಿಮಾನ ಹತ್ತಿಸುವುದಕ್ಕೇ ಹೊರಟವಲ್ಲ. ಡಿಕ್ಕಿಯಲ್ಲಿ 20 ಲೀಟರಿನ ನೀರಿನ ಕ್ಯಾನುಗಳು ಕುಲುಕುತ್ತಿದ್ದರೆ ಅದು ತೋಟದ ಮನೆಯ ಯಜಮಾನರ ಸವಾರಿ. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ನಂದಿಬೆಟ್ಟದ ಸುತ್ತ ಇವರ ಸಂತತಿ ಇವರು ನೆಟ್ಟ ಮಾವಿಗಿಂತ ಹುಲುಸಾಗಿದೆ. ಬೋರು ಸಾವಿರ ಅಡಿ ದಾಟಿಯೂ ದೂಳನ್ನೇ ಉಗುಳಿದೆ. ಮನೆ ತುಂಬ ಥಳಥಳಿಸುವ ನಲ್ಲಿಗಳಿವೆ, ಹನಿ ನೀರಿಲ್ಲ. ಸೋಮವಾರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರಿಗೆ ಉಪದೇಶ: "ಒಂದೇ ಬಕೆಟ್ಟಿನಲ್ಲಿ ಸ್ನಾನ ಸಾರ್. ಮನುಷ್ಯನಿಗೆ ಅಷ್ಟು ಸಾಕು."

ಈ ಮಿತವ್ಯಯ ಇವರದಲ್ಲ, ಬಕೆಟ್ಟಿನದು ಎಂಬುದು ನನ್ನ ವಾದ. ಬಕೆಟ್ಟಿಗೆ ತಳ ಕಾಣುತ್ತದೆ, ನಲ್ಲಿಗೆ ಕಾಣುವುದಿಲ್ಲ. ಶನಿವಾರ ಚೊಂಬು ಚೊಂಬು ಲೆಕ್ಕವಿಟ್ಟವರೇ ಅಸೋಸಿಯೇಷನ್ ಸಭೆಯಲ್ಲಿ, ಮನೆಮನೆಗೂ ನೀರಿನ ಮೀಟರು ಬೇಡ, ಚದರಡಿ ಲೆಕ್ಕವೇ ಸರಿ ಎಂದು ಪಟ್ಟು ಹಿಡಿಯುತ್ತಾರೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದಾಗ ಮೊದಲು ಮುಖ ಗಂಟಿಕ್ಕಿದವರೂ ಇವರೇ. ತಮಾಷೆಯೆಂದರೆ, ಬೆಂಗಳೂರಿಗೆ ನಲ್ಲಿಯ ಚಟ ಹತ್ತಿಸಿದ್ದೂ ಇವರ ತೋಟದ ಕಡೆಯ ನೀರೇ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ಹೆಸರಘಟ್ಟದಲ್ಲಿ ತಡೆದು 1896ರಲ್ಲಿ ಕೊಳವೆಯಲ್ಲಿ ಊರಿಗೆ ತಂದರು. ಅರ್ಕಾವತಿ ಬತ್ತಿತು, ಕಾವೇರಿ ಬಂತು, ಚಟ ಉಳಿಯಿತು.

ವಾರಕ್ಕೆ ಎರಡು ದಿನವಾದರೂ ಉಳಿಸುತ್ತಾರಲ್ಲ, ಪಾಪ, ಬಿಡಿ ಎನ್ನಬಹುದು. ಬಿಡಬಹುದಿತ್ತು, ಆ ಒಂದು ಬಕೆಟ್ಟು ತಾನಾಗಿ ನಡೆದು ಬಂದಿದ್ದರೆ. ಊರ ಮಿನಿ ಟ್ಯಾಂಕಿನಿಂದ ಬಿಂದಿಗೆ ಹೊತ್ತು ತರುವವಳು ತೋಟ ಕಾಯುವವನ ಹೆಂಡತಿ. ಅವಳಿಗೆ ಇದು ವಾರದ ಏಳು ದಿನವೂ ಇದ್ದದ್ದೇ. ಆದರೆ ಅವಳು ಯಾವ ಲಿಫ್ಟಿನಲ್ಲೂ ಉಪದೇಶ ಮಾಡಿಲ್ಲ. ಅಲ್ಲದೆ ಋಷಿಗಳ ಆಶ್ರಮದಲ್ಲಿ ಕಮೋಡು ಉಂಟು. ಅದು ಒಂದೊಂದು ಸಲಕ್ಕೂ ಆರೇಳು ಲೀಟರ್ ಬೇಡುತ್ತದೆ. ಸ್ನಾನದಲ್ಲಿ ಗಳಿಸಿದ ಪುಣ್ಯ ಅಲ್ಲಿ ಮಧ್ಯಾಹ್ನದೊಳಗೆ ಖರ್ಚಾಗುತ್ತದೆ.

ಇವರಲ್ಲಿ ಓದಿಕೊಂಡವರ ಬಳಿ ಇನ್ನೊಂದು ಬಾಣವಿದೆ, ಅದು ಸಾಮಾನ್ಯದ್ದಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ ಚಿಕ್ಕಬಳ್ಳಾಪುರ ಸೀಮೆಯೂ ಸೇರಿ 65 ಕೆರೆಗಳಿಗೆ ಹರಿಸುವುದು ಎಚ್.ಎನ್. ವ್ಯಾಲಿ ಯೋಜನೆ. ಹಾಗಿದ್ದ ಮೇಲೆ ಹೆಬ್ಬಾಳದ ಶವರಿನಡಿ ಹೆಚ್ಚು ಹೊತ್ತು ನಿಂತಷ್ಟೂ ರೈತನಿಗೆ ಉಪಕಾರವಲ್ಲವೇ? ತರ್ಕ ಚೆನ್ನಾಗಿದೆ; ಮೈ ತೊಳೆದುಕೊಂಡೇ ಅನ್ನದಾತನ ಋಣ ತೀರಿಸುವ ದಾರಿ ಇದಕ್ಕಿಂತ ಸುಲಭದ್ದು ಸಿಗದು. ಆದರೆ ಆ ನೀರು ಎರಡು ಹಂತದಲ್ಲಿ ಮಾತ್ರ ಶುದ್ಧವಾದದ್ದು, ಅಂತರ್ಜಲ ತುಂಬಲೆಂದು ಬಿಟ್ಟದ್ದು, ಕುಡಿಯಲಿಕ್ಕಲ್ಲ. ಮೂರನೆಯ ಹಂತವೂ ಆಗಲಿ ಎಂದು ಅಲ್ಲಿಯ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ತಾವು ದಾನ ಮಾಡಿದ ನೀರಿನ ಮೇಲೆ ದಾನಿಗಳಿಗೇ ಎಷ್ಟು ನಂಬಿಕೆ ಎಂಬುದಕ್ಕೆ ಡಿಕ್ಕಿಯಲ್ಲಿರುವ ಕ್ಯಾನುಗಳೇ ಸಾಕ್ಷಿ. ಬಳಸಿದ ನೀರು ಕೊಳವೆಯಲ್ಲಿ, ಬಳಸುವ ನೀರು ಕಾರಿನಲ್ಲಿ, ಎರಡೂ ಒಂದೇ ದಿಕ್ಕಿಗೆ ಹೊರಡುತ್ತವೆ.

ಹಾಗಾದರೆ ಏನು ಮಾಡಬೇಕಿತ್ತು, ಬೋರು ಬತ್ತಿದ್ದು ಅವರ ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪು ಅವರದಲ್ಲ. ಆದರೆ ಲೆಕ್ಕ ಬಲ್ಲವರು. 700 ಮಿಲಿಮೀಟರ್ ಮಳೆಯಾದ ವರ್ಷ ಸಾವಿರ ಚದರಡಿಯ ಮಾಡಿನ ಮೇಲೆ 65 ಸಾವಿರ ಲೀಟರ್ ಬೀಳುತ್ತದೆ. ಚೆಲ್ಲಿದ್ದು, ಸೋರಿದ್ದು ಕಳೆದರೂ 48 ಸಾವಿರಕ್ಕೆ ಮೋಸವಿಲ್ಲ, ಅಂದರೆ 6,000 ಲೀಟರಿನ ಟ್ಯಾಂಕರು ಎಂಟು ಸಲ ಬಂದಂತೆ. ವಾರಕ್ಕೆರಡು ದಿನದ ಸಂಸಾರಕ್ಕೆ ಧಾರಾಳ. ಇವರು ಮಂಗಳೂರು ಹೆಂಚು ಹೊದಿಸಿದ್ದಾರೆ, ಸೂರಿನಂಚಿಗೆ ತಗಡಿನ ದೋಣಿ ಮಾತ್ರ ಕಟ್ಟಿಸಿಲ್ಲ. ಕಟ್ಟಿಸಿದರೆ ಫೋಟೋದಲ್ಲಿ ಮನೆಯ ಹಳ್ಳಿ ಕಳೆ ಕೆಡುತ್ತದಂತೆ. ಹೀಗಾಗಿ ಮಳೆ ಅಂಗಳದ ಪಾಲು, ಬಿಂದಿಗೆ ಮತ್ತೆ ತೋಟ ಕಾಯುವವನ ಹೆಂಡತಿಯ ಪಾಲು.