ಛಾಸಿ ಕಾಕಾ

ಜಮಖಂಡಿಯಾಗಲಿ ಮುಧೋಳವಾಗಲಿ, ಹಳೆ ಗಾಡಿಯ ವ್ಯಾಪಾರ ಇನ್ನೇನು ಕುದುರಿತು ಅನ್ನುವಾಗ ಗ್ಯಾರೇಜಿನ ಮುಂದೆ ಒಬ್ಬ ಮನುಷ್ಯ ಪ್ರತ್ಯಕ್ಷನಾಗುತ್ತಾನೆ. ಅವನು ಕೊಳ್ಳುವವನಲ್ಲ, ಮಾರುವವನಲ್ಲ, ದಲಾಲನಂತೂ ಅಲ್ಲವೇ ಅಲ್ಲ. ಕಿಸೆಯಲ್ಲಿ ಟಾರ್ಚು, ಪೆಟ್ರೋಲು ಅದ್ದಿದ ಅರಿವೆ, ಮೋಟು ಪೆನ್ಸಿಲ್ಲು, ತೆಳು ಹಾಳೆ ಇರುತ್ತವೆ. ಇವನೇ ಛಾಸಿ ಕಾಕಾ. ಬೀಳಗಿಗೆ ಇಂಥವನು ಒಬ್ಬ ಸಾಕು. ರಬಕವಿ-ಬನಹಟ್ಟಿ ಜೋಡಿ ಊರಾದ್ದರಿಂದ ಇಬ್ಬರು ಬೇಕು, ಒಬ್ಬನ ತೀರ್ಪು ಇನ್ನೊಬ್ಬನಿಗೆ ಸೇರಬಾರದು. ಮಂದಿ ಯೆಜ್ಡಿ ಮೋಟಾರ್‌ಸೈಕಲ್ಲಿನ ಬಣ್ಣ ನೋಡಿ, ಸೀಟು ಒತ್ತಿ, ಕಿಕ್ ಹೊಡೆದು ತಲೆದೂಗುತ್ತಿದ್ದರೆ ಕಾಕಾ ಹ್ಯಾಂಡಲಿನ ಬುಡ ಒರೆಸಿ, ಅಲ್ಲಿಯ ಛಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿ, ಆಮೇಲೆ ಇಂಜಿನ್ನಿನ ಹೊಟ್ಟೆಗೆ ಟಾರ್ಚು ಬಿಟ್ಟು ಅದರ ನಂಬರೂ ಓದಿ, "ಸಾಹುಕಾರ್ರ, ಛಾಸಿ ಖರೇ ಐತ್ರಿ, ಇಂಜಿನ್ ಬ್ಯಾರೆ ಮನೀದು" ಅನ್ನುತ್ತಾನೆ. ಅಲ್ಲಿಗೆ ವ್ಯಾಪಾರ ಮುರಿಯಿತು, ಚಹಾ ಆರಿತು. ನಾಯಿಗೂ ತಾಯಿ ತಂದೆ ಯಾರೆಂದು ಕೇಳುವ ಸೀಮೆ ಇದು. ಮುಧೋಳ ತಳಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯನ್ನೂ ಏರಿದೆ. ಹೀಗಿರುವಾಗ ಗಾಡಿಯ ವಂಶಾವಳಿ ಕೇಳುವವನೊಬ್ಬ ಹುಟ್ಟಿಕೊಂಡಿದ್ದರಲ್ಲಿ ಅತಿಶಯವೇನೂ ಇಲ್ಲ.

ಕಾಕಾನನ್ನು ನೋಡಿ ನಗುವುದು ಸುಲಭ, ಅವನ ಸಂಶಯವನ್ನು ತಳ್ಳಿಹಾಕುವುದು ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಗಾಡಿಗಳ ಹೆಸರು ಜಾವಾ. ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ, ಅದರ ರೋಡ್‌ಕಿಂಗ್ ಮಾದರಿ ಬಂದದ್ದು 1978ರಲ್ಲಿ. ಆದ್ದರಿಂದ ಯಾರಾದರೂ "1974ರ ರೋಡ್‌ಕಿಂಗ್, ಒಂದೇ ಕೈಯಾಗಿನ ಗಾಡಿ" ಅಂದರೆ, ಆ ಕೈ ಎಂಥದೆಂದು ಕಾಕಾನಿಗೆ ಅಲ್ಲೇ ತಿಳಿಯುತ್ತದೆ. ನಂಬರ್ ಪ್ಲೇಟೂ ಅವನ ಮುಂದೆ ಬಾಯಿಬಿಡುತ್ತದೆ. ಕೆಎ ಅಕ್ಷರಗಳು 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ಮೇಲಿನವು. ಎಪ್ಪತ್ತರ ದಶಕದ್ದೆನ್ನುವ ಗಾಡಿ ಜಮಖಂಡಿಯ ಕೆಎ 48 ಹಾಕಿಕೊಂಡು ನಿಂತಿದ್ದರೆ, ನಡುವೆ ಎಲ್ಲೋ ಮರುನೋಂದಣಿ ಆಗಿರಬೇಕು. ಸಾಂಗಲಿ ಕಡೆಯಿಂದ ಗಡಿ ದಾಟಿ ಬಂದಿದ್ದರೂ ಬಂದೀತು. ಹಾಗಾದರೆ ಎನ್‌ಒಸಿ ಎಲ್ಲಿ? ಇಷ್ಟು ಕೇಳುವುದಕ್ಕೆ ಅವನು ಗಾಡಿ ಮುಟ್ಟಬೇಕಾಗಿಯೂ ಇಲ್ಲ. ಮುಟ್ಟಿದ ಮೇಲೆ ನೋಡುವುದು ಅಂಕಿಗಳ ಆಳ, ಅವು ನಿಂತ ಸಾಲು, ಬಣ್ಣದಡಿ ಗ್ರೈಂಡರ್ ಆಡಿದ ಗೀರು.

ಇದೆಲ್ಲ ಕೆಲಸವಿಲ್ಲದವರ ಚಟ, ಓಡುವ ಗಾಡಿಗೆ ಜಾತಕ ಏಕೆ ಎಂದು ಕೇಳುವವರಿದ್ದಾರೆ. ಆದರೆ ಅಮೆರಿಕದಲ್ಲಿ ಇದೇ ಚಟ ದೊಡ್ಡ ದುಡ್ಡಿನ ವಿಷಯ. ಅಲ್ಲಿಯ ಪಾಂಟಿಯಾಕ್ ಜಿಟಿಒ ಎಂಬ ಜಟ್ಟಿ ಕಾರು 1964 ಮತ್ತು 1965ರಲ್ಲಿ ಸ್ವತಂತ್ರ ಮಾದರಿಯೇ ಆಗಿರಲಿಲ್ಲ, ಲೆಮಾನ್ಸ್ ಕಾರಿಗೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಒಂದು ಕಟ್ಟು. ಹಾಗಾಗಿ ಆ ಎರಡು ವರ್ಷದ ಗಾಡಿಗಳಲ್ಲಿ ಛಾಸಿ ನಂಬರು ಲೆಮಾನ್ಸ್ ಎಂದಷ್ಟೇ ಹೇಳುತ್ತದೆ. 1966ರಿಂದ ಮಾತ್ರ 242 ಎಂದು ಶುರುವಾಗುವ ನಂಬರು ಜಿಟಿಒ ಎಂದು ಸಾಕ್ಷಿ ನುಡಿಯುತ್ತದೆ. ಸಾದಾ ಲೆಮಾನ್ಸಿಗೆ ಬಿಲ್ಲೆ ಅಂಟಿಸಿ ಜಿಟಿಒ ಬೆಲೆಗೆ ಮಾರುವವರಿಗೆ ಇಷ್ಟು ಸಂದು ಸಾಕು. ಅದಕ್ಕೇ ಅಲ್ಲಿ ಕಾರ್ಖಾನೆಯ ಹಳೆ ದಾಖಲೆ ಇಟ್ಟುಕೊಂಡು, ದುಡ್ಡು ಕಟ್ಟಿದವರಿಗೆ ನಕಲು ಕೊಡುವ ಸಂಸ್ಥೆಯೇ ಇದೆ. ನಮ್ಮ ಮೈಸೂರು ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈ ಸೀಮೆಗೆ ಉಳಿದ ಇತಿಹಾಸ ಇಲಾಖೆ ಎಂದರೆ ಕಾಕಾ ಒಬ್ಬನೇ, ಸಂಬಳ ಒಂದು ಕಪ್ಪು ಚಹಾ.

ಆದರೂ ನನ್ನ ತಕರಾರು ಅವನ ಕಣ್ಣಿನ ಮೇಲಲ್ಲ, ತೀರ್ಪಿನ ಮೇಲೆ. ಇಂಜಿನ್ ಬೇರೆ ಎಂದು ಕಂಡ ಕೂಡಲೇ ಕಾಕಾ ಗಾಡಿಯನ್ನು ಕಳ್ಳರ ಸಾಲಿಗೆ ಸೇರಿಸುತ್ತಾನೆ. ಇಲ್ಲಿಯ ಯೆಜ್ಡಿ ಹೇಗೆ ಬಾಳಿತು ನೋಡಿ. ಹಾಲಿನ ಕ್ಯಾನು ಹೊತ್ತಿತು, ಬನಹಟ್ಟಿಯ ಸೀರೆ ಗಂಟು ಹೊತ್ತಿತು, ಕಬ್ಬಿನ ಹೊಲದ ಎರೆಮಣ್ಣಿನಲ್ಲಿ ಹೂತು ಎದ್ದಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್ ಇಂಜಿನ್ನು, ಅಳತೆ ತಪ್ಪಿದರೆ ಪಿಸ್ಟನ್ ಹಿಡಿಯಿತು ಎಂದೇ ಲೆಕ್ಕ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಕ್ಕೆ ಗುಜರಿಯೇ ಗತಿ. ಅಲ್ಲಿಂದ ಬೇರೊಂದು ಇಂಜಿನ್ ತಂದು ಕೂರಿಸಿದ ಮೆಕ್ಯಾನಿಕ್ ಮೋಸಗಾರನೇನಲ್ಲ, ಗಾಡಿಯ ಜೀವ ಉಳಿಸಿದವನು. ಕಾಯ್ದೆಯೂ ಇಂಜಿನ್ ಬದಲಿಸಬಾರದು ಎನ್ನುವುದಿಲ್ಲ, ಬದಲಿಸಿದ್ದನ್ನು ಆರ್‌ಸಿಯಲ್ಲಿ ಬರೆಸು ಎನ್ನುತ್ತದೆ. ಬರೆಸಿದ ಬೇರೆ ಇಂಜಿನ್ನಿಗೂ, ಉಜ್ಜಿ ಹೊಸದಾಗಿ ಪಂಚ್ ಹೊಡೆದ "ಜೋಡಿ" ನಂಬರಿಗೂ ನಡುವೆ ನಂಬಿಕೆಗೆ ಅರ್ಹವಾದದ್ದು ಮೊದಲನೆಯದೇ. ಈಗ ಎಲ್ಲವೂ ಮೊಬೈಲಿನಲ್ಲೇ ಕಾಣುತ್ತದಲ್ಲ, ಕಾಕಾ ಏಕೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಮೊಬೈಲು ತೋರಿಸುವುದು ಕಚೇರಿಯಲ್ಲಿ ಬರೆದ ಅಂಕಿ. ಕಬ್ಬಿಣದ ಮೇಲಿನ ಅಂಕಿಯನ್ನು ಯಾರಾದರೂ ಬಾಗಿಯೇ ಓದಬೇಕು.

2021ರ ಕೇಂದ್ರ ನಿಯಮ ಬಂದ ಮೇಲೆ ಕಾಕಾನ ಎದೆ ಇನ್ನೂ ಒಂದು ಗೇಣು ಉಬ್ಬಿದೆ. ಐವತ್ತು ವರ್ಷ ದಾಟಿದ ಗಾಡಿ ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು, ಫೀ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ಮೊದಮೊದಲ ಯೆಜ್ಡಿಗಳಿಗೆ ಆ ವಯಸ್ಸು ಈಗ ಬಂದಿದೆ, ಹಾಗಾಗಿ ಕಾಕಾ ಊರೂರು ಸುತ್ತಿ ಕೈಯಾಡಿಸದ ಗಾಡಿ ಹುಡುಕುತ್ತಿದ್ದಾನೆ. ಸಿಕ್ಕರೆ ಅವನು ಮೊದಲು ಸಂಶಯಪಡಬೇಕಾದದ್ದು ಅದನ್ನೇ. ಐವತ್ತು ವರ್ಷ ಯೆಜ್ಡಿಯನ್ನು ದುಡಿಸದೆ ಸುಮ್ಮನೆ ನಿಲ್ಲಿಸಿಟ್ಟವರು ಕೃಷ್ಣಾ ಘಟಪ್ರಭೆಯ ನಡುವೆ ಯಾರಿದ್ದಾರೆ?