ಉಪ್ಸಾಲಾಕ್ಕೆ ಹೋಗೋದಾದ್ರೆ ವರ್ಷಕ್ಕೇ ಹೋಗಲಿ

ಮೇಷ್ಟ್ರೇ, ಮೊಮ್ಮಗಳಿಗೆ ಎಕ್ಸ್‌ಚೇಂಜ್ ಸೀಟು ಉಪ್ಸಾಲಾದಲ್ಲೇ ಸಿಕ್ತಂತೆ, ಹೂ ಬಿಡಿಸುವಾಗ ಅಜ್ಜಿ ಹೇಳಿದ್ರು. ಬಹಳ ಸಂತೋಷ ಆಯ್ತು. ನಾನೂ ಅಲ್ಲೇ ಓದಿ ಬಂದವಳು ಅನ್ನೋ ಸಲಿಗೇಲಿ ಒಂದು ಮಾತು ಹೇಳ್ತೀನಿ. ಒಂದೇ ಸೆಮಿಸ್ಟರಿಗೆ ಕಳಿಸಬೇಡಿ, ಇಡೀ ವರ್ಷಕ್ಕೆ ಕಳಿಸಿ. ಯಾಕೆ ಅಂತೀರಾ? ಆತುರ ಇಲ್ಲ ತಾನೆ, ಆ ಕಟ್ಟೆ ಮೇಲೆ ಕೂತ್ಕೊಳ್ಳಿ.

ಊರು ಸ್ವೀಡನ್ನಿನದು, ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್. ವಿಶ್ವವಿದ್ಯಾಲಯ 1477ರದ್ದು. ಆದ್ರೆ ಓದೋ ಕ್ರಮ ನಮ್ಮದರ ಹಾಗಲ್ಲ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ವಿಷಯ. 7.5 ಕ್ರೆಡಿಟ್ಟಿನ ಕೋರ್ಸು ಐದು ವಾರ ನಡೆಯುತ್ತೆ, ಪರೀಕ್ಷೆ ಮುಗಿಸಿದ ಮೇಲೆ ಮುಂದಿನದು. ವೇಳಾಪಟ್ಟೀಲಿ 10 ಗಂಟೆ ಅಂತಿದ್ರೆ ಪಾಠ ಶುರುವಾಗೋದು 10.15ಕ್ಕೆ. ಮೇಷ್ಟ್ರನ್ನ ಹೆಸರು ಹಿಡಿದೇ ಕರೀತಾರೆ. ನಿಮ್ಮಂಥವರಿಗೆ ಕೇಳಿದ್ರೆ ಕಸಿವಿಸಿ ಆಗಬಹುದು, ಅಲ್ಲಿ ಅದೇ ಮರ್ಯಾದೆ. ತರಗತಿ ಕಡಿಮೆ, ಓದು ರಾಶಿ. ಮಧ್ಯಾಹ್ನದ ಬುತ್ತಿ ಮನೆಯಿಂದಲೇ. ಬಿಸಿ ಮಾಡ್ಕೊಳ್ಳೋಕೆ ಕಾಲೇಜಿನಲ್ಲಿ ಸಾಲಾಗಿ ಮೈಕ್ರೋವೇವ್ ಇಟ್ಟಿರ್ತಾರೆ. ಚಿತ್ರಾನ್ನ ಒಯ್ಯೋಕೆ ಅವಳು ಸಂಕೋಚ ಪಡಬೇಕಾಗಿಲ್ಲ.

ಓದು ರಾಶಿ ಇದ್ರೂ ತರಗತಿ ಕಡಿಮೆ ಆದ್ದರಿಂದ ಕೈಯಲ್ಲಿ ಹೊತ್ತು ತುಂಬಾ ಇರುತ್ತೆ. ಆ ಹೊತ್ತನ್ನ ಎಲ್ಲಿ ಕಳೀತಾಳೆ ಅನ್ನೋದೇ ನನಗೆ ಮುಖ್ಯ. ಫ್ಲೋಗ್‌ಸ್ಟಾ ಅಂತ ಒಂದು ಬಡಾವಣೆ ಇದೆ, ವಿದ್ಯಾರ್ಥಿಗಳದ್ದೇ ಎತ್ತರದ ಕಟ್ಟಡಗಳು. ಒಂದೊಂದು ಸಾಲಿಗೆ 12 ಕೋಣೆ; ಬಚ್ಚಲು ಅವರವರದೇ, ಅಡುಗೆಮನೆ ಮಾತ್ರ ಎಲ್ಲರಿಗೂ ಸೇರಿ ಒಂದು. ಜಾಗ ಸಿಕ್ಕಿದ್ರೆ ಅಲ್ಲೇ ಇರಲಿ. ತಟ್ಟೆ ಎತ್ಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಊಟ ಮಾಡಬಾರದು, ಅದೊಂದು ಅವಳಿಗೆ ಗಟ್ಟಿಯಾಗಿ ಹೇಳಿ. ಅಲ್ಲಿಯ ಜನ ತಾವಾಗಿ ಮೇಲೆಬಿದ್ದು ಮಾತಾಡಿಸೋರಲ್ಲ. ಆದ್ರೆ ದಿನಾ ಅದೇ ಮೇಜಿಗೆ ಕೂತವರನ್ನ ತಮ್ಮವರು ಅಂತ ಒಪ್ಪಿಕೊಳ್ತಾರೆ. ಅದಕ್ಕೆ ತಿಂಗಳುಗಳೇ ಬೇಕು. ಒಬ್ಬಳು ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡೋ ಹೊತ್ತಿಗೆ ಹಿಮ ಬಿದ್ದಾಗಿತ್ತು. ಈಗಲೂ ನನಗೆ ಹತ್ತಿರದ ಗೆಳತಿ ಅಂದ್ರೆ ಅವಳೇ.

ರಾತ್ರಿ 10 ಗಂಟೆಗೆ ಕಿಟಕಿ ತೆಗೆದು ಕೂಗ್ತಾರೆ, ಅದಕ್ಕೆ ಹೆದರದಿರಲಿ. ಎಪ್ಪತ್ತರ ದಶಕದಿಂದ ಬಂದ ರೂಢಿ. ಒಂದು ಕಟ್ಟಡದಿಂದ ಕೂಗು ಹೊರಟ್ರೆ ಎದುರಿನದರಿಂದ ಓಗೊಡ್ತಾರೆ. ಪರೀಕ್ಷೆಯ ದಿನಗಳಲ್ಲಿ ಒಮ್ಮೆ ಹಾಗೆ ಕೂಗಿ ನೋಡಲಿ, ಎದೆ ಎಷ್ಟು ಹಗುರಾಗುತ್ತೆ ಅಂತ ಗೊತ್ತಾಗುತ್ತೆ.

ಇನ್ನು ನೇಷನ್‌ಗಳು. ಒಟ್ಟು 13. ನಮ್ಮಲ್ಲಿ ಜಿಲ್ಲೆಯ ಹುಡುಗರು ಒಟ್ಟಾಗಿ ಸಂಘ ಕಟ್ಟಿಕೊಳ್ಳೋ ಹಾಗೆ, ಒಂದೊಂದು ಸೀಮೆಯಿಂದ ಬಂದ ವಿದ್ಯಾರ್ಥಿಗಳು ಹದಿನೇಳನೇ ಶತಮಾನದಲ್ಲೇ ಕಟ್ಟಿಕೊಂಡದ್ದು. ಹೆಸರೂ ಆ ಸೀಮೆಗಳದ್ದೇ: ನಾರ್‌ಲ್ಯಾಂಡ್ಸ್, ಗೋಟ್‌ಲ್ಯಾಂಡ್ಸ್, ಕಾಲ್ಮರ್. ಈಗ ಯಾರು ಯಾವುದಕ್ಕೆ ಬೇಕಾದ್ರೂ ಸೇರಬಹುದು. ಕಾಫಿ ಅಂಗಡಿ, ಪಬ್ಬು, ಗಾಯನ ತಂಡ, ನಾಟಕ, ಎಲ್ಲಾ ನಡೆಸೋದು ಹುಡುಗರೇ. ಅದನ್ನೆಲ್ಲಾ ನೋಡ್ಕೊಳ್ಳೋಕೆ ಅವರೇ ಆರಿಸಿದ ಒಬ್ಬ ವಿದ್ಯಾರ್ಥಿ ಇರ್ತಾರೆ, ಅವರಿಗೆ ಕ್ಯುರೇಟರ್ ಅಂತಾರೆ. ಉದ್ದ ಮೇಜುಗಳ ಊಟ ಏರ್ಪಡಿಸ್ತಾರೆ, ಅದಕ್ಕೆ ಗಾಸ್ಕ್ ಅಂತಾರೆ. ನಡುನಡುವೆ ಭಾಷಣ, ಎಲ್ಲರ ಕೈಯಲ್ಲೂ ಹಾಡಿನ ಪುಸ್ತಕ. ಅಜ್ಜಿಗೆ ಧೈರ್ಯ ಹೇಳಿ: ಹೆಸರು ಕೊಡುವಾಗಲೇ ಸಸ್ಯಾಹಾರ, ಮದ್ಯ ಬೇಡ ಅಂತ ಬರೆಸಬಹುದು. ನನ್ನ ಕೇಳಿದ್ರೆ, ಊಟಕ್ಕೆ ಕೂರೋದಕ್ಕಿಂತ ಒಂದು ಸಂಜೆ ಅಲ್ಲಿಯ ಅಡುಗೆಮನೇಲಿ ಈರುಳ್ಳಿ ಹೆಚ್ಚೋಕೆ ನಿಲ್ಲೋದೇ ಮೇಲು. ಜೊತೇಲಿ ಕೆಲಸ ಮಾಡಿದವರ ಮುಖ ಮರೆಯೋದಿಲ್ಲ.

ನಿಮಗೆ ಒಂದು ವಿಷಯ ಹೇಳಲೇಬೇಕು ಮೇಷ್ಟ್ರೇ, ನೀವು ಹುಡುಗರನ್ನ ಕೆರೆ ಏರಿಗೆ ಕರ್ಕೊಂಡು ಹೋಗಿ ಪಾಠ ಮಾಡಿದವರು. ಗಿಡಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ನೆಲೆಗೊಳಿಸಿದ ಲಿನೇಯಸ್ ಪಾಠ ಮಾಡಿದ್ದು ಆ ಊರಲ್ಲೇ. ಶಿಷ್ಯರನ್ನ ಹಿಂಡುಗಟ್ಟಿ ಹೊಲ ಕಾಡು ಸುತ್ತಿಸ್ತಿದ್ದ; ಸಂಜೆ ಕೊಂಬು, ನಗಾರಿ ಬಾರಿಸ್ಕೊಂಡು, ಮೇಷ್ಟ್ರಿಗೆ ಜೈಕಾರ ಹಾಕ್ಕೊಂಡು ಊರಿಗೆ ಬರ್ತಿದ್ರಂತೆ. ಅವನು ನಡೆದ ದಾರಿಗಳಿಗೆ ಈಗಲೂ ಗುರುತು ಹಾಕಿದ್ದಾರೆ. ಹಳೇ ಸೈಕಲ್ಲೊಂದು ಕೊಂಡುಕೊಂಡ್ರೆ ಎಲ್ಲಾ ಕೈಗೆಟುಕುತ್ತೆ. ಸೆಪ್ಟೆಂಬರಿನಲ್ಲಿ ಕಾಡಿಗೆ ಹೋಗಲಿ, ಲಿಂಗಾನ್ ಅನ್ನೋ ಕೆಂಪು ಹಣ್ಣು ನೆಲದಲ್ಲೇ ಇರುತ್ತೆ. ಕಾಡು ಯಾರದ್ದೇ ಆಗಿರಲಿ, ಅಲ್ಲಿ ನಡೆಯೋ, ಹಣ್ಣು ಆಯೋ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಉಂಟು. ಅಂಥದ್ದು ನಮ್ಮಲ್ಲೂ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಈಗ ನನ್ನ ಮಾತಿಗೆ ಬರ್ತೀನಿ. ಮೊದಲ ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರುವಾಗಿ ಜನವರಿ ನಡುವಿಗೆ ಮುಗಿಯುತ್ತೆ. ಅಂದ್ರೆ ದಿನದಿನಕ್ಕೂ ಬೆಳಕು ಕುಗ್ಗೋ ಕಾಲ ಅದು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗ್ತಾನೆ. ಮನೆ ನೆನಪು ಜಾಸ್ತಿಯಾಗೋದು ಆಗಲೇ. ಆ ಕತ್ತಲೇಲಿ ಅಡುಗೆಮನೆಯ ಮೇಜು ಮನೆ ಅನ್ನಿಸೋಕೆ ಶುರುವಾಗೋ ಹೊತ್ತಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಟ್ಟರೆ ಏನು ಬಂತು?

ಏಪ್ರಿಲ್ 30ರ ತನಕ ಅವಳು ಅಲ್ಲಿರಬೇಕು. ವಾಲ್‌ಬೊರ್ಗ್ ಅಂತ ವಸಂತದ ಹಬ್ಬ. ಬೆಳಿಗ್ಗೆ ಹುಡುಗರು ತಾವೇ ಕಟ್ಟಿದ ತೆಪ್ಪಗಳಲ್ಲಿ ಫ್ಯೂರಿಸ್ ಹೊಳೆಗಿಳೀತಾರೆ, ದಡದ ತುಂಬಾ ಜನ. ಮಧ್ಯಾಹ್ನ 3ಕ್ಕೆ ಕಾರೊಲಿನಾ ಗ್ರಂಥಾಲಯದ ಬಾಲ್ಕನಿಯಿಂದ ಕುಲಪತಿಗಳು ಬಿಳಿ ಟೋಪಿ ಬೀಸ್ತಾರೆ, ಕೆಳಗೆ ನಿಂತ ಸಾವಿರಾರು ಜನ ತಾವೂ ಬೀಸ್ತಾರೆ. ಚಳಿಗಾಲವನ್ನ ಅವರ ಜೊತೆಗೇ ಕಳೆದವರಿಗೆ ಆ ಬಿಸಿಲು ಬೇರೇನೇ. ಸುಮ್ಮನೆ ನೋಡೋಕೆ ಹೋದವರಿಗೆ ಅದು ದಕ್ಕೋದಿಲ್ಲ.

ಅದಕ್ಕೇ ಹೇಳಿದ್ದು. ವಾಸದ ಪರವಾನಗಿಗೆ ಅರ್ಜಿ ಹಾಕೋ ಮೊದಲೇ ಇದು ತೀರ್ಮಾನ ಆಗಲಿ. ಆಮೇಲೆ ಬದಲಾಯಿಸೋದು ರಗಳೆ. ವರ್ಷಕ್ಕೆ ವಿಸ್ತರಿಸಲು ಸಾಧ್ಯವೇ ಅಂತ ನಾಳೆಯೇ ಅವಳ ಕಾಲೇಜಿನ ಆಫೀಸಿನಲ್ಲಿ ಕೇಳಲಿ. ಅಪ್ಪ ಅಮ್ಮನ್ನ ಒಪ್ಪಿಸೋದು ನಿಮ್ಮ ಕೆಲಸ, ನಿಮ್ಮ ಮಾತು ಅವರು ತೆಗೆದುಹಾಕಲ್ಲ. ಸಂಜೆ ಅವಳನ್ನ ಈ ಕಡೆ ಕಳಿಸಿ ಮೇಷ್ಟ್ರೇ, ಇಬ್ಬರೂ ಕೂತು ಅರ್ಜಿ ಬರೀತೀವಿ.